ಹಣ್ಣೆಲೆಯ ತೊಟ್ಟು

ನಮ್ಮ ಮೈಸೂರು ಸೀಮೆಯಲ್ಲಿ ಎಲೆಯುದುರುವುದು ಯಾರ ಗಮನವನ್ನೂ ಸೆಳೆಯುವ ಸಂಗತಿಯಲ್ಲ. ಮಾಘಮಾಸದ ಒಣಗಾಳಿ ಬೀಸತೊಡಗಿದೊಡನೆ ಅರಳಿ, ಹೊಂಗೆ, ಮುತ್ತುಗಗಳು ತಮ್ಮ ಹಳೆಯ ಎಲೆಗಳನ್ನು ಸದ್ದಿಲ್ಲದೆ ಕಳಚಿಕೊಳ್ಳುತ್ತವೆ. ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಲು ಬಂದ ಗೃಹಿಣಿ ಅವನ್ನು ಗುಡಿಸಿ ನೀರೊಲೆಗೋ ತಿಪ್ಪೆಗೋ ಸೇರಿಸುತ್ತಾಳೆ. ಯುಗಾದಿಯ ಹೊತ್ತಿಗೆ ಕೊಂಬೆಗಳ ತುಂಬ ತಾಮ್ರವರ್ಣದ ತಳಿರು ಹೊಳೆಯುತ್ತಿರುವಾಗ, ಹೋದದ್ದು ಏನೆಂದು ನೆನೆಯುವವರೇ ಇರುವುದಿಲ್ಲ. ನಮ್ಮ ಕವಿಗಳಿಗೂ ಶರತ್ಕಾಲವೆಂದರೆ ತಿಳಿಯಾದ ಆಕಾಶ, ಬೆಳ್ಮುಗಿಲು, ಅರಳಿದ ತಾವರೆ, ಹಿಂದಿರುಗಿದ ಹಂಸಗಳೇ ಹೊರತು ಪರ್ಣಪತನವಲ್ಲ. ಇಷ್ಟೆಲ್ಲ ಉದಾಸೀನದ ನಡುವೆಯೂ ಕನ್ನಡ ಭಾಷೆಯೊಂದು ಔದಾರ್ಯವನ್ನು ತೋರಿದೆ: ಹಳದಿಯಾದ ಎಲೆಯನ್ನು ಅದು ಬಾಡಿದ ಎಲೆಯೆನ್ನದೆ, ಸತ್ತ ಎಲೆಯೆನ್ನದೆ, ಹಣ್ಣೆಲೆಯೆಂದು ಕರೆಯಿತು. ಮಾವು ಹಣ್ಣಾಗುವಂತೆ, ಮನುಷ್ಯ ಹಣ್ಣಾಗುವಂತೆ, ಎಲೆಯೂ ಹಣ್ಣಾಗುತ್ತದೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆಯೆಂಬ ಗಾದೆಯನ್ನು ನಾನು ಬಾಲ್ಯದಿಂದಲೂ ಕೇಳಿಕೊಂಡೇ ಬೆಳೆದವನು. ಆ ಗಾದೆಯನ್ನು ಎಂದಾದರೂ ತಿದ್ದಿಕೊಳ್ಳಬೇಕಾದೀತೆಂದಾಗಲಿ, ಅದಕ್ಕಾಗಿ ಕಾಶ್ಮೀರದವರೆಗೆ ಪಯಣಿಸಬೇಕಾದೀತೆಂದಾಗಲಿ ಎಣಿಸಿರಲಿಲ್ಲ.

ಮೂವತ್ತು ವರ್ಷಗಳ ಕಾಲ ಶಾಲೆಯ ಹುಡುಗರಿಗೆ ಹೂಜಿ, ಛತ್ರಿ, ಮಾವಿನಕಾಯಿಗಳನ್ನು ಬರೆಯುವುದು ಹೇಗೆಂದು ಕಲಿಸಿ ನಿವೃತ್ತನಾದ ಚಿತ್ರಕಲೆಯ ಮೇಷ್ಟರಿಗೆ, ತಾನೂ ಒಂದು ಚಿತ್ರವನ್ನು ಬರೆಯಬೇಕೆಂಬ ಹಂಬಲ ಹುಟ್ಟುವುದು ಅಸಹಜವೇನಲ್ಲ. ನನ್ನ ಹಂಬಲಕ್ಕೆ ಮೂಲ, ಗುರುಗಳ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದ ಒಂದು ಮುದ್ರಿತ ಪ್ರತಿ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಸುಮಾರು 1610ರ ಹೊತ್ತಿನದೆಂದು ಬಲ್ಲವರು ಎಣಿಸುವ ಆ ಮೊಗಲ್ ಚಿತ್ರದಲ್ಲಿ, ಹೊಂಬಣ್ಣದ ಹಿನ್ನೆಲೆಯ ಎದುರಿಗೆ ಒಂದು ಮಹಾವೃಕ್ಷ ಹಬ್ಬಿ ನಿಂತಿದೆ. ಕೊಂಬೆಕೊಂಬೆಗೂ ಅಳಿಲುಗಳು ಆಡುತ್ತಿವೆ. ಬರಿಗಾಲಿನ ಬೇಟೆಗಾರನೊಬ್ಬ ಕಾಂಡವನ್ನು ತಬ್ಬಿ ಹತ್ತಲೆಳಸುತ್ತಿದ್ದಾನೆ. ಅದನ್ನು ಬರೆದವನು ಜಹಾಂಗೀರನ ಆಸ್ಥಾನದ ಅಬುಲ್ ಹಸನನೆಂದು ಹೇಳುತ್ತಾರೆ. ಮನ್ಸೂರನ ಕೈಯೂ ಅದರಲ್ಲಿ ಸೇರಿರಬಹುದೆಂಬ ಅಭಿಪ್ರಾಯವೂ ಉಂಟು. ಗುರುಗಳು ನನಗೆ ತೋರಿಸುತ್ತಿದ್ದುದು ಅಳಿಲನ್ನಲ್ಲ, ಬೇಟೆಗಾರನನ್ನೂ ಅಲ್ಲ, ಎಲೆಗಳನ್ನು. ಒಂದು ಇನ್ನೂ ಹಸುರು, ಅದರ ಪಕ್ಕದ್ದು ಹಳದಿ, ಮೂರನೆಯದು ಕೆಂಪಿಗೆ ತಿರುಗಿದ್ದು; ಒಂದರ ಹಾಗೆ ಇನ್ನೊಂದಿಲ್ಲ. “ಇದು ಚಿನಾರ. ಇದನ್ನು ನೋಡದೆ ಎಲೆ ಬರೆದವನು, ಮನುಷ್ಯರನ್ನು ನೋಡದೆ ಮುಖ ಬರೆದ ಹಾಗೆ ಕಣಯ್ಯ” ಎನ್ನುತ್ತಿದ್ದರು. ಅವರೂ ಅದನ್ನು ಕಣ್ಣಾರೆ ಕಂಡವರಲ್ಲ. ಅವರು ತೀರಿಕೊಂಡು ಹಲವು ವರ್ಷಗಳ ಮೇಲೆ, ಒಂದು ಕಾರ್ತೀಕಮಾಸದಲ್ಲಿ, ಬಣ್ಣದ ಪೆಟ್ಟಿಗೆಯನ್ನೂ ದಪ್ಪ ಕಾಗದದ ಕಟ್ಟೊಂದನ್ನೂ ಹೆಗಲಿಗೇರಿಸಿಕೊಂಡು ನಾನು ಉತ್ತರಾಭಿಮುಖನಾದೆನು.

ಜಮ್ಮುವಿನಿಂದ ಮೇಲಕ್ಕೇರುವ ದಾರಿಯ ಆಯಾಸವನ್ನು ವರ್ಣಿಸಿ ಓದುಗರನ್ನೂ ಆಯಾಸಗೊಳಿಸುವುದಿಲ್ಲ. ಬನಿಹಾಲದ ಸುರಂಗದ ಕತ್ತಲೆಯಿಂದ ಬಸ್ಸು ಹೊರಬಿದ್ದ ಕ್ಷಣದಲ್ಲಿ, ಅಷ್ಟು ಹೊತ್ತು ಮುಚ್ಚಿದ್ದ ಕಣ್ಣಿನ ರೆಪ್ಪೆಯನ್ನು ಯಾರೋ ತೆರೆದಂತೆ ಕೆಳಗೆ ಕಣಿವೆ ಹರಡಿಕೊಂಡಿತು. ದಾರಿಯ ಎರಡೂ ಕಡೆ ನೀಳವಾದ ಪಾಪ್ಲರ್ ಮರಗಳು ಅರಿಸಿನ ಬಳಿದ ಕಂಬಗಳ ಹಾಗೆ ನಿಂತಿದ್ದವು. ಕೊಯ್ಲಾದ ಗದ್ದೆಗಳಲ್ಲಿ ಹುಲ್ಲಿನ ಮೆದೆಗಳಿದ್ದವು. ಶ್ರೀನಗರಕ್ಕೆ ಇನ್ನೂ ಕೆಲವು ಮೈಲಿಗಳಿರುವಾಗ ಪಾಂಪೋರಿನ ದಿಬ್ಬಗಳ ಮೇಲೆ ಕೇಸರಿಯ ಹೂ ಅರಳಿ, ಬರಿಯ ಮಣ್ಣಿನ ಮೇಲೆ ನೇರಳೆ ಬಣ್ಣದ ನೆರಳು ಬಿದ್ದಂತೆ ಕಾಣುತ್ತಿತ್ತು. ಹೆಂಗಸರೂ ಮಕ್ಕಳೂ ಬಗ್ಗಿ ಬಗ್ಗಿ ಹೂ ಬಿಡಿಸುತ್ತಿದ್ದರು. ಒಂದೊಂದು ಹೂವಿನ ಎದೆಯಲ್ಲಿಯೂ ಇರುವುದು ಮೂರೇ ಮೂರು ಕೆಂಪು ಎಸಳು, ಉಳಿದ ನೇರಳೆಯ ಸೊಬಗಿಗೆಲ್ಲ ಪೇಟೆಯಲ್ಲಿ ಬೆಲೆಯಿಲ್ಲ. ಆ ಹೊಲಗಳಿಗೆ ಸಮೀಪದ ಖೊನಮುಖವೆಂಬ ಊರಿನಿಂದಲೇ ಹನ್ನೊಂದನೆಯ ಶತಮಾನದಲ್ಲಿ ಬಿಲ್ಹಣ ಕವಿ ಹೊರಟು, ಮಥುರೆ, ಕಾಶಿ, ಸೋಮನಾಥಗಳನ್ನೆಲ್ಲ ಸುತ್ತಿ, ಕಟ್ಟಕಡೆಗೆ ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯವನ್ನು ಪಡೆದು ವಿದ್ಯಾಪತಿಯೆನಿಸಿಕೊಂಡದ್ದು. ಅವನು ಕಾಶ್ಮೀರದಿಂದ ಕರ್ನಾಟಕಕ್ಕೆ ಮಾತನ್ನು ತಂದನು. ಕರ್ನಾಟಕದಿಂದ ಬಣ್ಣವನ್ನು ಬೇಡಿಕೊಂಡು ನಾನು ಅದೇ ದಾರಿಯನ್ನು ಹಿಂದುಮುಂದಾಗಿ ನಡೆಯುತ್ತಿರುವೆನಲ್ಲಾ ಎಂದು ನೆನೆದು, ಬಸ್ಸಿನ ಕಿಟಕಿಯ ಚಳಿಯಲ್ಲಿಯೂ ನನಗೆ ಸ್ವಲ್ಪ ನಗು ಬಂದಿತು.

ಚಿತ್ರಕ್ಕೆಂದು ನಾನು ಆರಿಸಿಕೊಂಡದ್ದು ದಾಲ್ ಸರೋವರದ ಪಶ್ಚಿಮತೀರದ ನಸೀಮ್ ಬಾಗನ್ನು. ಅಕ್ಬರನ ಕಾಲದಲ್ಲಿ ಆರಂಭವಾಗಿ, ಷಾಜಹಾನನ ಕಾಲದಲ್ಲಿ ಸಾವಿರದ ಇನ್ನೂರು ಚಿನಾರದ ಸಸಿಗಳನ್ನು ಕಂಡಿತೆಂಬ ಪ್ರತೀತಿಯುಳ್ಳ ಆ ತೋಪು ಇಂದು ಕಾಶ್ಮೀರ ವಿಶ್ವವಿದ್ಯಾನಿಲಯದ ಆವರಣದೊಳಗಿದೆ. ವಿದ್ಯಾರ್ಥಿಗಳು ಪುಸ್ತಕಗಳನ್ನು ಎದೆಗೊತ್ತಿಕೊಂಡು ಮೊಣಕಾಲುದ್ದದ ಎಲೆಗಳ ನಡುವೆ ಸರಬರ ಸದ್ದು ಮಾಡುತ್ತ ತರಗತಿಗೆ ಹೋಗುತ್ತಾರೆ. ಎದುರುದಡದ ನಿಶಾತ್, ಶಾಲಿಮಾರ್‌ಗಳಲ್ಲಿರುವ ಕಾರಂಜಿ, ಕಾಲುವೆ, ಸೋಪಾನಗಳ ಶೃಂಗಾರ ಇಲ್ಲಿಲ್ಲ. ಇಲ್ಲಿರುವುದು ಮರ, ಮರ, ಮತ್ತೆ ಮರ. ಕಾಶ್ಮೀರಿಗಳು ತಮ್ಮ ನುಡಿಯಲ್ಲಿ ಅದನ್ನು ಬೂನಿಯೆನ್ನುತ್ತಾರೆ. ಎಲೆಯುದುರುವ ಋತುವಿಗೆ ಹರುದ್ ಎಂದು ಹೆಸರು. ಐದಾರು ಜನ ಕೈಕೈ ಹಿಡಿದರೂ ಅಪ್ಪಿಕೊಳ್ಳಲಾಗದ ಕಾಂಡಗಳು, ಚಕ್ಕೆಚಕ್ಕೆಯಾಗಿ ಬಿರಿದ ಬೂದುಬಣ್ಣದ ತೊಗಟೆ, ಅದರ ಮೇಲೆ ಮಳೆಗಾಲದ ಮೋಡವೊಂದಕ್ಕೆ ಬೆಂಕಿ ತಗುಲಿದಂತಹ ಪರ್ಣರಾಶಿ. ಈ ಮರಕ್ಕೆ ಚಿನಾರವೆಂಬ ಹೆಸರು ಬಂದದ್ದೇ, ಅದನ್ನು ದೂರದಿಂದ ಕಂಡ ಪಾರಸಿಕ ನುಡಿಯವನೊಬ್ಬ ‘ಇದೆಂಥ ಬೆಂಕಿ!’ ಎಂದು ಉದ್ಗರಿಸಿದುದರಿಂದ ಎಂಬ ಕಥೆಯನ್ನು ಅಲ್ಲಿ ದೋಣಿಯವನಿಂದ ಮೊದಲ್ಗೊಂಡು ಎಲ್ಲರೂ ಹೇಳುತ್ತಾರೆ. ಶಬ್ದಶಾಸ್ತ್ರಜ್ಞರು ಒಪ್ಪಲಿ, ಬಿಡಲಿ. ಸಂಜೆಯ ಬಿಸಿಲಿನಲ್ಲಿ ಆ ಮರವನ್ನು ಕಂಡವನು ಒಪ್ಪದೆ ಇರಲಾರನು.

ನನ್ನ ಮೊದಲ ಮೂರು ದಿನಗಳ ಚಿತ್ರಗಳೂ ಆ ಬೆಂಕಿಯಲ್ಲಿಯೇ ಸುಟ್ಟುಹೋದುವು. ಕೈಗೆ ಸಿಕ್ಕ ಉಜ್ಜ್ವಲವರ್ಣಗಳನ್ನೆಲ್ಲ, ಗ್ಯಾಂಬೋಜಿನ ಹಳದಿ, ಕ್ರಿಮ್ಸನ್ನಿನ ಕೆಂಪು, ಬರ್ನ್ಟ್ ಸಿಯೆನ್ನಾದ ಕಂದು, ಒಂದರ ಮೇಲೊಂದು ಬಳಿದೆನು. ಮರದಲ್ಲಿ ಹೆಚ್ಚು ಬಣ್ಣವಿದೆ, ಆದುದರಿಂದ ಕಾಗದದಲ್ಲಿಯೂ ಹೆಚ್ಚು ಬಣ್ಣವಿರಬೇಕು ಎಂಬುದು ನನ್ನ ತರ್ಕ; ಹುಡುಗರಿಗೆ ಮೂವತ್ತು ವರ್ಷ ಬೇಡವೆಂದು ಹೇಳಿದ ತಪ್ಪನ್ನೇ ನಾನು ನಿಶ್ಚಿಂತೆಯಿಂದ ಮಾಡುತ್ತಿದ್ದೆನು. ಒದ್ದೆಯಿರುವಾಗ ಅರ್ಧ ಗಳಿಗೆ ಬೆಳಗಿದ ಕಾಗದ ಒಣಗಿದ ಮೇಲೆ ರಾಡಿಯಾಗುತ್ತಿತ್ತು. ಮೂರನೆಯ ದಿನ ಸಂಜೆ ಆ ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಊಟದ ಮನೆಯಲ್ಲಿ ಸಾರು ಚೆಲ್ಲಿದ ಎಲೆಗಳನ್ನು ಸಾಲಾಗಿ ಇಟ್ಟಂತೆ ಕಂಡಿತು.

ಬೇಸರ ಕಳೆಯಲೆಂದು ಮರುದಿನ ಹಳೆಯ ಪಟ್ಟಣದ ಜಡಿಬಲ್ ಮೊಹಲ್ಲಾಕ್ಕೆ ಹೋದೆನು. ಕಾಗದವನ್ನು ನೆನೆಸಿ ಕುಟ್ಟಿ, ಅಚ್ಚಿಗೆ ಮೆತ್ತಿ ಒಣಗಿಸಿ ಮಾಡುವ ಪೇಪಿಯೆ ಮಾಶೆ ಪೆಟ್ಟಿಗೆಗಳ ಮೇಲೆ ಚಿತ್ರ ಬರೆಯುವ ನಕ್ಕಾಶರ ಮನೆಗಳು ಅಲ್ಲಿವೆ. ನಡುವಯಸ್ಸಿನ ಒಬ್ಬ ನಕ್ಕಾಶ ಮಂಡಿಯ ಮೇಲೆ ಸಣ್ಣ ಡಬ್ಬಿಯನ್ನಿಟ್ಟುಕೊಂಡು, ಕೂದಲೆಳೆಯಂಥ ಕುಂಚದಿಂದ, ಪೂರ್ವರೇಖೆಯ ನೆರವಿಲ್ಲದೆ ಚಿನಾರದ ಎಲೆಗಳನ್ನು ಮೂಡಿಸುತ್ತಿದ್ದನು. ಒಂದೊಂದಕ್ಕೂ ಐದು ಮೊನೆ, ಒಂದೊಂದಕ್ಕೂ ಬಂಗಾರದ ಅಂಚು, ನಿಮಿಷಕ್ಕೊಂದು ಎಲೆ. ಆ ಕೈಚಳಕಕ್ಕೆ ನಾನು ಮನಸಾ ನಮಸ್ಕರಿಸಿದೆನು. ಆದರೆ ಅವು ಎಲ್ಲವೂ ಒಂದೇ ಎಲೆ: ಹುಳು ಕಡಿಯದ, ಗಾಳಿ ಹರಿಯದ, ಎಂದೂ ಉದುರದ ಎಲೆ. ಅಲಂಕಾರಕ್ಕೆ ಅದು ತಕ್ಕದ್ದೇ. ನಾನು ಬರೆಯಲು ಬಂದದ್ದು ಉದುರುವ ಎಲೆಯನ್ನು.

ಆ ರಾತ್ರಿ ಬಿಡಾರದಲ್ಲಿ, ಕಹ್ವಾದ ಬಟ್ಟಲನ್ನು ಅಂಗೈಗಳ ನಡುವೆ ಹಿಡಿದು ಕುಳಿತಿದ್ದಾಗ, ನಮ್ಮ ಶಾಲೆಯಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಮಿತ್ರರೊಬ್ಬರು ಉಪಾಧ್ಯಾಯರ ಕೊಠಡಿಯಲ್ಲಿ ಎಂದೋ ಹೇಳಿದ ಪಾಠ ನೆನಪಿಗೆ ಬಂದಿತು. ಎಲೆ ಹಳದಿಯಾಗುವುದೆಂದರೆ ಅದಕ್ಕೆ ಹಳದಿ ಬಣ್ಣ ಬಂದು ಸೇರುವುದಲ್ಲ. ಹಳದಿ ಅದರಲ್ಲಿ ಹುಟ್ಟಿನಿಂದಲೂ ಇರುತ್ತದೆ. ಕ್ಯಾರಟ್ಟಿಗೆ ತನ್ನ ಬಣ್ಣವನ್ನು ಕೊಡುವ ಅದೇ ಕೆರೊಟಿನಾಯ್ಡುಗಳ ವರ್ಗದ್ದು. ಬೇಸಗೆಯೆಲ್ಲ ಪತ್ರಹರಿತ್ತಿನ ಹಸುರು ಅದನ್ನು ಮುಚ್ಚಿಕೊಂಡಿರುತ್ತದೆ. ಹಗಲು ಕಿರಿದಾಗಿ, ರಾತ್ರಿ ತಂಪಾಗಿ, ಮರವು ಎಲೆಯೊಳಗಿನ ಸತ್ತ್ವವನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳತೊಡಗಿದಾಗ ಹಸುರು ಒಡೆದು ಹೋಗುತ್ತದೆ, ಮುಚ್ಚಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪಿನ ಕಥೆ ಮಾತ್ರ ಬೇರೆ: ನೇರಳೆಹಣ್ಣಿನ ನಾಲಗೆಗಂಟುವ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ನನ್ನು, ಕೆಂಪಾಗುವ ಎಲೆಗಳು ತಮ್ಮಲ್ಲಿ ಸಿಕ್ಕಿಕೊಂಡು ಉಳಿದ ಸಕ್ಕರೆಯಿಂದ, ಹೋಗುವ ಕಾಲಕ್ಕೆ ಹೊಸದಾಗಿ ಮಾಡಿಕೊಳ್ಳುತ್ತವೆ, ಬಿಸಿಲಿನ ಹಗಲೂ ಚಳಿಯ ರಾತ್ರಿಯೂ ಒದಗಿಬಂದರೆ ಆ ಕೆಂಪು ಇನ್ನಷ್ಟು ಗಾಢವಾಗುತ್ತದೆ.

ಜಲವರ್ಣದ ಧರ್ಮವೂ ಇದೇ ಅಲ್ಲವೆ? ಅಲ್ಲಿ ಬೆಳಕನ್ನು ಡಬ್ಬಿಯಿಂದ ತೆಗೆದು ಬಳಿಯುವಂತಿಲ್ಲ. ಬೆಳಕು ಕಾಗದದ ಬಿಳುಪಿನಲ್ಲಿ ಮೊದಲೇ ಇರುತ್ತದೆ, ಅದನ್ನು ಎಲ್ಲಿ ಮುಚ್ಚಬಾರದೆಂಬ ತಿಳಿವೇ ಚಿತ್ರಕಾರನ ವಿದ್ಯೆ. ಮರುದಿನ ಬೆಳಗ್ಗೆ ಜಬರ್ವಾನ್ ಬೆಟ್ಟಗಳ ಹಿಂದಿನಿಂದ ಸೂರ್ಯ ಎದ್ದು, ಸರೋವರದ ಮಂಜನ್ನು ದಾಟಿ ತೋಪಿನೊಳಕ್ಕೆ ಅಡ್ಡಲಾಗಿ ಕಿರಣಗಳನ್ನು ಬಿಟ್ಟಾಗ, ನಾನು ಮರಗಳ ಪಶ್ಚಿಮಕ್ಕೆ, ಬಿಸಿಲಿಗೆ ಎದುರಾಗಿ ಕುಳಿತೆನು. ಹಿಂದಿನ ದಿನಗಳಲ್ಲಿ ಬೆಳಕು ನನ್ನ ಬೆನ್ನ ಕಡೆಯಿಂದ ಎಲೆಯ ಮೇಲೆ ಬೀಳುತ್ತಿತ್ತು. ಈಗ ಎಲೆಯನ್ನು ಹಾದು ನನ್ನ ಕಡೆಗೆ ಬರುತ್ತಿತ್ತು. ನರನರವೂ ಕಾಣುವಂತೆ, ಚರ್ಮದ ಗೊಂಬೆಯಾಟದ ಪರದೆಯ ಹಿಂದೆ ದೀಪ ಹಚ್ಚಿದ ಹಾಗೆ, ಒಂದೊಂದು ಎಲೆಯೂ ಒಳಗಿನಿಂದ ಬೆಳಗಿತು. ಒಂದು ತೆಳುವಾದ ಹಳದಿಯ ಲೇಪ, ಅದು ಆರಿದ ಮೇಲೆ ಅಂಚುಗಳಿಗೆ ಒಂದಿಷ್ಟು ಕಾವಿ, ಅಷ್ಟೇ. ಹಾಳೆ ಒಣಗಿದ ಮೇಲೂ ಬೆಳಗುತ್ತಲೇ ಇದ್ದಿತು.

ಚಿತ್ರ ಚೆನ್ನಾಗಿತ್ತು. ಆದರೆ ಅಂಚೆಯಲ್ಲಿ ಕಳಿಸುವ ಬಣ್ಣದ ಕಾರ್ಡಿನ ಚೆನ್ನು ಎಷ್ಟೋ ಅಷ್ಟು, ಅದನ್ನು ನೋಡಿದವರು “ಆಹಾ, ಕಾಶ್ಮೀರ!” ಎನ್ನುವರು, ಅಲ್ಲಿಗೆ ಮುಗಿಯಿತು. ಗುರುಗಳಾಗಿದ್ದರೆ ಒಂದು ಕ್ಷಣ ನೋಡಿ ಪಕ್ಕಕ್ಕಿಡುತ್ತಿದ್ದರು.

ತೋಪಿನ ಇನ್ನೊಂದು ಮೂಲೆಯಲ್ಲಿ ಅಷ್ಟು ದಿನವೂ ಬೇರೊಂದು ಕೆಲಸ ನಡೆಯುತ್ತಿತ್ತು. ಫೆರನ್ ತೊಟ್ಟ ಹೆಂಗಸರು ಮೂರು ನಾಲ್ಕು ಜನ ಉದ್ದನೆಯ ಕಡ್ಡಿಯ ಪೊರಕೆಗಳಿಂದ ಎಲೆಗಳನ್ನು ಗುಡಿಸಿ ರಾಶಿ ಹಾಕಿ, ಅದಕ್ಕೆ ಬೆಂಕಿ ಹಚ್ಚಿ, ಉರಿ ಏಳದಂತೆ ಮೇಲಿಂದ ಮೇಲೆ ನೀರು ಚಿಮುಕಿಸುತ್ತಿದ್ದರು. ಎಲೆ ಬೂದಿಯಾಗಬಾರದು, ಇದ್ದಿಲಾಗಬೇಕು. ಚಳಿಗಾಲದಲ್ಲಿ ಆ ಪುಡಿಯಿದ್ದಿಲನ್ನು ಕಾಂಗಡಿಗೆ ತುಂಬುತ್ತಾರೆ. ಕಾಂಗಡಿಯೆಂದರೆ ಬೆತ್ತದಂತಹ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಕೂರಿಸಿದ ಸಣ್ಣ ಮಣ್ಣಿನ ಕುಡಿಕೆ; ಅದರಲ್ಲಿ ಕೆಂಡವನ್ನಿಟ್ಟು, ಫೆರನ್ನಿನೊಳಗೆ ಹೊಟ್ಟೆಯ ಹತ್ತಿರ ಹಿಡಿದುಕೊಂಡು ಕಾಶ್ಮೀರಿ ಮನುಷ್ಯ ಹಿಮದ ತಿಂಗಳುಗಳನ್ನು ದಾಟುತ್ತಾನೆ. ಮರದ ಮೇಲೆ ನಾನು ಕಂಡ ಬೆಂಕಿ ಉಪಮೆಯ ಬೆಂಕಿ; ಆ ಹೆಂಗಸರಿಗೆ ಅದು ಉಪಮೆಯಲ್ಲ. ಅವರ ಪೊರಕೆಯ ಸದ್ದು ನನ್ನ ಏಕಾಗ್ರತೆಗೆ ಭಂಗ ತರುತ್ತಿದೆಯೆಂದು ಮೊದಲ ದಿನ ಮನಸ್ಸಿನಲ್ಲಿಯೇ ಗೊಣಗಿಕೊಂಡಿದ್ದವನು, ಐದನೆಯ ದಿನ ನಾಚಿಕೊಂಡೆನು.

ಅದೇ ದಿನ ಮಧ್ಯಾಹ್ನ, ಊರಿಗೆ ಒಯ್ಯಲೆಂದು ಒಂದು ಒಳ್ಳೆಯ ಎಲೆಯನ್ನು ಹುಡುಕುತ್ತ, ನೆಲದ ಮೇಲಿನ ಲಕ್ಷಾಂತರ ಎಲೆಗಳು ಸಾಲದೆಂಬಂತೆ, ತಗ್ಗಾಗಿ ಬಾಗಿದ ಕೊಂಬೆಯೊಂದರಿಂದ ಅರ್ಧ ಹಸುರು ಅರ್ಧ ಹೊಂಬಣ್ಣದ ಒಂದು ಎಲೆಯನ್ನು ಕಿತ್ತೆನು. ಕಿತ್ತ ಕೈಯನ್ನು ಇಳಿಸುವುದರೊಳಗಾಗಿ ಹಿಂದಿನಿಂದ ಗದರಿಕೆ ಕೇಳಿಸಿತು. ತೋಪಿನ ಮುದುಕ ಮಾಲಿ. ಅಷ್ಟು ದಿನವೂ ದೂರದಿಂದ ತಲೆದೂಗಿ ಹೋಗುತ್ತಿದ್ದವನು.

“ಜನಾಬ್, ಕೀಳಬೇಡಿ. ಅದರ ಹೊತ್ತು ಇನ್ನೂ ಬಂದಿಲ್ಲ.”

“ಒಂದು ಎಲೆಯಲ್ಲವೆ ಬಾಬಾ, ಹೇಗೂ ನಾಳೆ ಉದುರುವುದೇ” ಎಂದೆನು, ನನಗೆ ಬಂದಷ್ಟು ಹಿಂದೂಸ್ತಾನಿಯಲ್ಲಿ.

ಅವನು ಉತ್ತರ ಹೇಳದೆ ನನ್ನ ಕೈಯಿಂದ ಎಲೆಯನ್ನು ತೆಗೆದುಕೊಂಡು, ಅದನ್ನು ತಲೆಕೆಳಗು ಮಾಡಿ, ತೊಟ್ಟಿನ ತುದಿಯನ್ನು ನನ್ನ ಕಣ್ಣ ಮುಂದೆ ಹಿಡಿದನು. ಬೇರೆ ಮರಗಳಲ್ಲಿ ತೊಟ್ಟಿನ ತುದಿ ಗಟ್ಟಿಯಾಗಿ, ಮೊಂಡಾಗಿ ಇರುತ್ತದೆ. ಇಲ್ಲಿ ಅದು ಉಬ್ಬಿ, ಒಳಗೆ ಪೊಳ್ಳಾಗಿ, ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿಯ ಹಾಗೆ, ಅದಕ್ಕಿಂತ ಎಷ್ಟೋ ಚಿಕ್ಕದಾಗಿ ಇದ್ದಿತು. “ಟೋಪಿ” ಎಂದನು ಅವನು. ಅನಂತರ ಕೊಂಬೆಯನ್ನು ಬಗ್ಗಿಸಿ, ನಾನು ಎಲೆ ಕಿತ್ತ ಜಾಗವನ್ನು ತೋರಿಸಿದನು. ಆ ಟೋಪಿಯ ಅಳತೆಗೆ ಸರಿಯಾಗಿ, ಒಂದು ವರ್ತುಲಾಕಾರದ ಗಾಯದ ನಡುವೆ, ಚೂಪಾದ ಒಂದು ಮೊಗ್ಗು ಎಳೆ ಬೆತ್ತಲೆಯಾಗಿ ನಿಂತಿತ್ತು. “ಇದು ಬರುವ ವರ್ಷದ್ದು. ಬಲಿಯುವ ತನಕ ಟೋಪಿ ಇರಬೇಕು. ಬಲಿತ ಮೇಲೆ ಟೋಪಿ ತಾನೇ ಬೀಳುತ್ತದೆ.” ಇಷ್ಟು ಹೇಳಿ, ಎಲೆಯನ್ನು ನನಗೆ ಹಿಂದಕ್ಕೆ ಕೊಟ್ಟು, ತನ್ನ ಕೆಲಸಕ್ಕೆ ಹೊರಟುಹೋದನು.

ನಾನು ಅಲ್ಲಿಯೇ ಎಲೆಗಳ ಮೇಲೆ ಕುಳಿತುಬಿಟ್ಟೆನು. ಸುತ್ತ ಬಿದ್ದಿದ್ದವನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದೆನು. ಎಲ್ಲದರ ತೊಟ್ಟಿನಲ್ಲಿಯೂ ಅದೇ ಪೊಳ್ಳು, ಅದೇ ಖಾಲಿಯಾದ ಮನೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆಯೆಂಬ ಗಾದೆಯಲ್ಲಿ ಹಣ್ಣೆಲೆಯೂ ಚಿಗುರೂ ಬೇರೆ ಬೇರೆ ಕೊಂಬೆಯವರು, ದಾಯಾದಿಗಳಂತೆ ಪರಸ್ಪರ ನೋಡುವವರು. ಒಬ್ಬರ ಪತನ ಇನ್ನೊಬ್ಬರಿಗೆ ಪರಿಹಾಸ. ಚಿನಾರದಲ್ಲಿ ಆ ನಗೆಗೆ ಎಡೆಯೇ ಇಲ್ಲ. ಇಲ್ಲಿ ಎಲೆಯು ಬೇಸಗೆಯೆಲ್ಲ ಬಿಸಿಲನ್ನು ಉಂಡು ಮರಕ್ಕೆ ಉಣಿಸುತ್ತಿದ್ದಷ್ಟು ಕಾಲವೂ, ತನ್ನ ಕಾಲಬುಡದ ಗೂಡಿನಲ್ಲಿ, ಯಾರಿಗೂ ಕಾಣದಂತೆ, ತನ್ನ ಉತ್ತರಾಧಿಕಾರಿಯನ್ನು ಇಟ್ಟು ಸಾಕಿರುತ್ತದೆ. ಅದು ಬೀಳುವುದು ಮೊಗ್ಗಿಗೆ ಬೆಳಕು ಬೇಕಾದಾಗ. ಬಣ್ಣವೆಲ್ಲ ಈ ಒಂದು ಕೆಲಸದ ಕೊನೆಯ ಕೆಲವು ದಿನಗಳು. ನಾನು ಐದು ದಿನವೂ ಆ ಕೊನೆಯ ದಿನಗಳನ್ನು ಬರೆಯುತ್ತಿದ್ದೆನೇ ಹೊರತು ಕೆಲಸವನ್ನು ಬರೆದಿರಲಿಲ್ಲ. ಅಬುಲ್ ಹಸನನ ಚಿತ್ರದಲ್ಲಿಯೂ ತೊಟ್ಟುಗಳನ್ನು ಹುಡುಕಿ ನೋಡಬೇಕೆಂಬ ಆಸೆ ಆಗ ಹುಟ್ಟಿತು; ಆದರೆ ಗುರುಗಳ ಪಡಸಾಲೆಯ ಪ್ರತಿ ಎಂದೋ ಬಿಸಿಲಿಗೆ ಮಾಸಿಹೋಗಿದೆ.

ಹೊರಡುವ ಹಿಂದಿನ ದಿನ ಬರೆದ ಚಿತ್ರ ಚಿಕ್ಕದು, ಪಂಚಾಂಗದ ಅಗಲಕ್ಕಿಂತ ಹೆಚ್ಚಿಲ್ಲ. ಒಂದೇ ರೆಂಬೆ. ಅದರಲ್ಲಿ ಮೂರು ಗೆಣ್ಣು: ಒಂದರಲ್ಲಿ ಪೂರ್ತಿ ಹಣ್ಣಾದ ಎಲೆ, ತನ್ನ ಟೋಪಿಯನ್ನು ಇನ್ನೂ ತೆಗೆಯದೆ ಕುಳಿತಿದೆ, ಇನ್ನೊಂದರಲ್ಲಿ ಎಲೆ ಬಿದ್ದು, ಗಾಯದ ಬಳೆಯೊಳಗೆ ಮೊಗ್ಗು, ಮೂರನೆಯದರಲ್ಲಿ, ನಾನು ಹೊತ್ತಿಗೆ ಮುಂಚೆ ಕಿತ್ತದ್ದರಿಂದ ಎಳಸಾಗಿಯೇ ಬಯಲಿಗೆ ಬಿದ್ದ ಮೊಗ್ಗು. ತಪ್ಪನ್ನು ಮುಚ್ಚಿಡುವುದು ನ್ಯಾಯವೆಂದು ತೋರಲಿಲ್ಲ. ಹಿನ್ನೆಲೆಗೆ ಬೂದುಬಣ್ಣ ಬೇಕಾಗಿತ್ತು. ಪೆಟ್ಟಿಗೆಯಲ್ಲಿದ್ದ ಕಪ್ಪು ಯಾಕೋ ಒಪ್ಪಲಿಲ್ಲ. ಎದ್ದು ಹೋಗಿ ಆ ಹೆಂಗಸರಲ್ಲಿ ಹಿರಿಯಳೊಬ್ಬಳನ್ನು ಕೈಸನ್ನೆಯಿಂದ ಒಂದು ಚಿಟಿಕೆ ಇದ್ದಿಲು ಕೇಳಿದೆನು. ಅವಳು ನನ್ನ ಬರಿಗೈಯನ್ನು ನೋಡಿ, ಚಳಿಯೆಂದೇ ತಿಳಿದಳೋ ಏನೋ, ನಕ್ಕು, ಎರಡು ಹಿಡಿ ತುಂಬ ಕಾಗದದಲ್ಲಿ ಸುರಿದಳು. ಮಸಿಯನ್ನು ಅಂಟಿನ ನೀರಿನಲ್ಲಿ ಅರೆದು ಬಣ್ಣ ಮಾಡುವ ವಿದ್ಯೆ ನಮ್ಮ ಹಳೆಯ ಮೈಸೂರು ಚಿತ್ರಗಾರರ ಮನೆಯಲ್ಲಿ ಹೊಸದಲ್ಲ. ಗುರುಗಳು ಕಲಿಸಿದ್ದ ಹಾಗೆ ಅದನ್ನು ನುಣ್ಣಗೆ ಅರೆದು, ಗೋಂದು ಬೆರೆಸಿ, ಸರೋವರದ ಮಂಜಿನ ತೆಳುವಿಗೆ ತಂದು ಹಚ್ಚಿದೆನು. ಹೀಗಾಗಿ ಆ ಚಿತ್ರದಲ್ಲಿ ಕೊಂಬೆಯ ಮೇಲಿರುವುದೂ ಎಲೆ, ಹಿಂದಿರುವ ಚಳಿಗಾಲವೂ ಎಲೆಯೇ. ಎಲೆಯ ಹಳದಿಗೆ ಒಂದೇ ಲೇಪ ಕೊಟ್ಟು ಕೈ ತಡೆದೆನು.

ಮೈಸೂರಿಗೆ ಹಿಂದಿರುಗಿ ಅದನ್ನು ಗೋಡೆಗೆ ಹಾಕಿದ ಮೇಲೆ ಬಂದವರೆಲ್ಲ ಸೌಜನ್ಯದಿಂದ ನೋಡಿ, “ಕಾಶ್ಮೀರಕ್ಕೆ ಹೋಗಿದ್ದಿರಂತೆ, ಅಲ್ಲಿಯ ಚಿತ್ರ ಯಾವುದೂ ಬರೆಯಲಿಲ್ಲವೆ?” ಎಂದು ಕೇಳಿದ್ದಾರೆ. ಅವರಿಗೆ ಆ ಐದನೆಯ ದಿನದ ಬೆಳಗುವ ಹಾಳೆಯನ್ನು ತೆಗೆದು ತೋರಿಸುತ್ತೇನೆ, ಅವರು “ಆಹಾ!” ಎನ್ನುತ್ತಾರೆ, ಕಾಫಿ ಬರುತ್ತದೆ.

ಕಿತ್ತು ತಂದ ಎಲೆ ಪುಸ್ತಕದೊಳಗೆ ಒಣಗಿ, ಈಗ ಪೂರ್ತಿ ಕಂದಾಗಿದೆ. ಮೊನ್ನೆ ನನ್ನ ಮೊಮ್ಮಗಳು ಪುಸ್ತಕವನ್ನು ಎಳೆದಾಡುವಾಗ ಅದು ಕೆಳಗೆ ಬಿದ್ದು, ಎಲೆ ಪುಡಿಯಾಗಿ ತೊಟ್ಟು ಮಾತ್ರ ಉಳಿಯಿತು. ಗದರಲೆಂದು ಬಾಯಿ ತೆರೆದವನು ಸುಮ್ಮನಾದೆನು. ಅವಳು ಅದರ ತುದಿಯ ಪೊಳ್ಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಬೆರಳಿಗೆ ಹಾಕಲು ಹೋಗಿ ಹಿಡಿಸದೆ, ಮೇಜಿನ ಮೇಲಿದ್ದ ನನ್ನ ಅತಿ ಸಣ್ಣ ಕುಂಚವನ್ನು ತೆಗೆದುಕೊಂಡು ಅದರ ಮೊನೆಗೆ ತೊಡಿಸಿದಳು.

“ತಾತ, ನೋಡಿ, ಸರಿಯಾಗಿ ಕೂತ್ಕೊಳ್ತು” ಎಂದಳು.